ಹೆಸರು ಹೇಳಿದವರು ಒಬ್ಬರು, ಕಟಕಟೆ ಹತ್ತಿದವರು ಇನ್ನೊಬ್ಬರು: ಪ್ಲೇಮ್ ಪ್ರಕರಣದಲ್ಲಿ ಕಾನೂನು ಯಾರನ್ನು ಹೊಣೆ ಮಾಡಿತು?

ಅಡ್ಡಪ್ರಶ್ನೆ

ಅಮೆರಿಕದ ವ್ಯಾಲೆರಿ ಪ್ಲೇಮ್ ಪ್ರಕರಣದ ಬಗ್ಗೆ, ಅಂದರೆ ಒಬ್ಬ ಸಿಐಎ ಅಧಿಕಾರಿಯ ಗುರುತು ಬಯಲಾದ ಪ್ರಕರಣದ ಬಗ್ಗೆ ಓದುತ್ತಿದ್ದೇನೆ. ಓದಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ. ಕಾನೂನು ಗೊತ್ತಿರುವವರು ಇಲ್ಲಿ ಇದ್ದೀರಿ, ಸ್ವಲ್ಪ ಬಿಡಿಸಿ ಹೇಳಿ.

ನನಗೆ ತಿಳಿದದ್ದು ಇಷ್ಟು. ಇರಾಕ್ ದೇಶ ನೈಜರ್‌ನಿಂದ ಯುರೇನಿಯಂ ಕೊಳ್ಳಲು ನೋಡುತ್ತಿದೆ ಎಂಬ ಸುದ್ದಿ ಇತ್ತು. ನಿಜವೇ ಎಂದು ವಿಚಾರಿಸಿ ಬರಲು 2002ರ ಫೆಬ್ರವರಿಯಲ್ಲಿ ಸಿಐಎ ಮಾಜಿ ರಾಯಭಾರಿ ಜೋಸೆಫ್ ವಿಲ್ಸನ್ ಅವರನ್ನು ಕಳಿಸಿತು. ಅವರು ಹೋಗಿ ಬಂದು, ಅದರಲ್ಲಿ ಹುರುಳಿಲ್ಲ ಎಂದರು. ಆದರೂ 2003ರ ಜನವರಿಯ ಭಾಷಣದಲ್ಲಿ ಅಧ್ಯಕ್ಷ ಬುಷ್ ಆಫ್ರಿಕಾದ ಯುರೇನಿಯಂ ಮಾತು ಎತ್ತಿದರು. ಯುದ್ಧವೂ ಶುರುವಾಯಿತು. ಜುಲೈ 6ರಂದು ವಿಲ್ಸನ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡು ಬರೆದರು. ಜುಲೈ 14ಕ್ಕೆ ಅಂಕಣಕಾರ ರಾಬರ್ಟ್ ನೊವಾಕ್, ವಿಲ್ಸನ್ ಹೆಂಡತಿ ವ್ಯಾಲೆರಿ ಪ್ಲೇಮ್ ಸಿಐಎಯವರು ಎಂದು ಹೆಸರು ಹಾಕಿಯೇ ಬರೆದುಬಿಟ್ಟರು.

ನೊವಾಕ್‌ಗೆ ಮೊದಲು ಹೇಳಿದ್ದು ವಿದೇಶಾಂಗ ಇಲಾಖೆಯಲ್ಲಿ ಎರಡನೇ ಸ್ಥಾನದಲ್ಲಿದ್ದ ರಿಚರ್ಡ್ ಆರ್ಮಿಟೇಜ್. ಅವರೇ 2006ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಅವರ ಮೇಲೆ ಕೇಸ್ ಇಲ್ಲ. ‘ಹೌದು, ನಾನೂ ಕೇಳಿದ್ದೇನೆ’ ಎಂಬರ್ಥದಲ್ಲಿ ಮಾತಾಡಿದ ಬುಷ್ ಸಲಹೆಗಾರ ಕಾರ್ಲ್ ರೋವ್ ಮೇಲೂ ಇಲ್ಲ. ಬರೆದ ನೊವಾಕ್ ಮೇಲೂ ಇಲ್ಲ. ಶಿಕ್ಷೆ ಆದದ್ದು ಉಪಾಧ್ಯಕ್ಷ ಚೇನಿಯ ಮುಖ್ಯ ಸಹಾಯಕ ಸ್ಕೂಟರ್ ಲಿಬ್ಬಿಗೆ, ಅದೂ ಸೋರಿಕೆಗಲ್ಲ. ಜೈಲಿನಲ್ಲಿ ಕೂತದ್ದು ಪ್ಲೇಮ್ ಬಗ್ಗೆ ಒಂದು ಸಾಲೂ ಬರೆಯದ ಪತ್ರಕರ್ತೆ. ಇದೆಂಥ ನ್ಯಾಯ?

ಸುಮ್ನೆ ಓದುಗ

ದೊಡ್ಡವರ ಮನೆ ವಿಷಯ. ಇನ್ನೇನು ಆಗುತ್ತೆ ಹೇಳಿ.

ಕಟಕಟೆ

ದೊಡ್ಡವರು ಎಂಬುದು ಇದ್ದೇ ಇದೆ. ಆದರೆ ಅಷ್ಟಕ್ಕೇ ಬಿಟ್ಟರೆ ಕಾನೂನಿನ ಭಾಗ ತಪ್ಪಿಹೋಗುತ್ತದೆ. ಅದೇ ಇಲ್ಲಿ ಸ್ವಾರಸ್ಯ.

ಅಮೆರಿಕದಲ್ಲಿ ಗುಪ್ತಚರರ ಗುರುತು ಕಾಪಾಡಲು 1982ರ ಒಂದು ಕಾಯ್ದೆ ಇದೆ. ಹೆಸರು ಬಯಲು ಮಾಡಬಹುದಾದವರನ್ನು ಅದು ಮೂರು ಗುಂಪು ಮಾಡುತ್ತದೆ. ಏಜೆಂಟ್ ಯಾರು ಎಂದು ತಿಳಿಸುವ ಗೋಪ್ಯ ಮಾಹಿತಿಯನ್ನೇ ನೋಡಲು ಅಧಿಕಾರ ಇದ್ದವರಿಗೆ ಅತಿ ಹೆಚ್ಚು ಶಿಕ್ಷೆ. ಆಗ ಗರಿಷ್ಠ 10 ವರ್ಷ ಇತ್ತು, ಈಗ 15. ಬೇರೆ ಗೋಪ್ಯ ಕಡತ ನೋಡುವ ಅಧಿಕಾರದಿಂದಾಗಿ ಹೆಸರು ತಿಳಿದುಕೊಂಡವರಿಗೆ ಆಗ 5, ಈಗ 10. ಮೂರನೆಯವರು ಹೊರಗಿನವರು. ಅವರ ವಿಷಯ ಆಮೇಲೆ ಹೇಳುತ್ತೇನೆ.

ಶಿಕ್ಷೆಯ ವರ್ಷ ನೋಡಿ ಹೆದರಬೇಡಿ. ಅದರ ಹಿಂದಿನ ಷರತ್ತು ನೋಡಿ. ಬೇಕೆಂದೇ ಹೇಳಿರಬೇಕು. ಈ ಮಾತು ಒಬ್ಬ ಗುಪ್ತ ಏಜೆಂಟ್‌ನ ಗುರುತು ಬಿಟ್ಟುಕೊಡುತ್ತದೆ ಎಂದು ಹೇಳುವಾಗ ಗೊತ್ತಿರಬೇಕು. ಆ ಗುರುತು ಮುಚ್ಚಿಡಲು ಸರ್ಕಾರ ಕ್ರಮ ತೆಗೆದುಕೊಳ್ಳುತ್ತಿದೆ ಎಂದೂ ಗೊತ್ತಿರಬೇಕು. ಕೇಳಿದವರಿಗೆ ಆ ಮಾಹಿತಿ ಪಡೆಯುವ ಅಧಿಕಾರ ಇರಬಾರದು. ಇವೆಲ್ಲವನ್ನೂ ಪ್ರಾಸಿಕ್ಯೂಟರ್ ಸಾಬೀತು ಮಾಡಬೇಕು. ಒಂದು ತಪ್ಪಿದರೂ ಕೇಸ್ ನಿಲ್ಲುವುದಿಲ್ಲ.

ಎಷ್ಟು ಹಾನಿ ಆಯಿತು ಎಂದು ಈ ಕಾಯ್ದೆ ಅಳೆಯುವುದಿಲ್ಲ. ಹೇಳಿದವನ ತಲೆಯಲ್ಲಿ ಆ ಹೊತ್ತಿಗೆ ಏನಿತ್ತು ಎಂದು ಕೇಳುತ್ತದೆ. ಆರ್ಮಿಟೇಜ್ ಪಾರಾದದ್ದು ಅಲ್ಲೇ.

ಮೂರನೇ ಬೆಂಚು

ಅಂದ್ರೆ ‘ನಂಗೆ ಗೊತ್ತಿರಲಿಲ್ಲ ಸ್ವಾಮಿ’ ಅಂದುಬಿಟ್ಟರೆ ಮುಗೀತಾ? ವಿದೇಶಾಂಗ ಇಲಾಖೆಯ ಉಪ ಕಾರ್ಯದರ್ಶಿಗೆ ಸಿಐಎ ಅಂದರೆ ಏನು ಅಂತ ಗೊತ್ತಿಲ್ವಾ? ನಂಬೋ ಮಾತಾ ಇದು?

ಕಡತ

ಬೆಂಚಿನವರೇ, ಬಾಯಿಮಾತು ಒಂದೇ ಅಲ್ಲ, ಕಾಗದವೂ ಇತ್ತು. ವಿದೇಶಾಂಗ ಇಲಾಖೆಯ ಗುಪ್ತಚರ ವಿಭಾಗ 2003ರ ಜೂನ್‌ನಲ್ಲಿ ವಿಲ್ಸನ್ ಪ್ರವಾಸದ ಬಗ್ಗೆ ಒಂದು ಟಿಪ್ಪಣಿ ಮಾಡಿತ್ತು. ವಿಲ್ಸನ್ ಅವರ ಹೆಂಡತಿ ಸಿಐಎಯಲ್ಲಿ ಇದ್ದಾರೆ ಎಂಬುದು ಅದರಲ್ಲಿ ಬಂದಿತ್ತು. ಆ ಪ್ಯಾರಾಕ್ಕೆ ‘ರಹಸ್ಯ’ ಎಂಬ ಗುರುತೂ ಇತ್ತು. ಆದರೆ ಅವರು ಮರೆಯಲ್ಲಿ, ಅಂದರೆ ಸಿಐಎ ನಂಟು ಮುಚ್ಚಿಟ್ಟು ಕೆಲಸ ಮಾಡುವವರು ಎಂದು ಎಲ್ಲೂ ಬರೆದಿರಲಿಲ್ಲ. ಸಿಐಎಯಲ್ಲಿ ಸಾವಿರಾರು ಜನ ತಮ್ಮ ನಿಜವಾದ ಹೆಸರಿನಲ್ಲೇ, ಎಲ್ಲರಿಗೂ ಗೊತ್ತಿರುವಂತೆಯೇ ಕೆಲಸ ಮಾಡುತ್ತಾರೆ. ಅಲ್ಲಿ ಕೆಲಸಕ್ಕಿದ್ದಾರೆ ಎಂದ ಮಾತ್ರಕ್ಕೆ ಗೂಢಚಾರರು ಎಂದಾಗುವುದಿಲ್ಲ.

ಇನ್ನೊಂದು. ಆರ್ಮಿಟೇಜ್ 2003ರ ಅಕ್ಟೋಬರ್‌ನಲ್ಲೇ ತನಿಖೆಯವರ ಬಳಿ ತಾವೇ ಹೋಗಿ ಹೇಳಿದ್ದರು. ವಿಶೇಷ ಪ್ರಾಸಿಕ್ಯೂಟರ್ ಆಗಿ ಪ್ಯಾಟ್ರಿಕ್ ಫಿಟ್ಜ್‌ಜೆರಾಲ್ಡ್ ನೇಮಕ ಆದದ್ದು ಅದೇ ಡಿಸೆಂಬರ್ 30ಕ್ಕೆ. ಅವರು ಬರುವಷ್ಟರಲ್ಲಿ ನೊವಾಕ್‌ನ ಮೊದಲ ಮೂಲ ಯಾರು ಎಂಬುದು ತನಿಖೆಯವರಿಗೆ ಗೊತ್ತಿತ್ತು. ಲಿಬ್ಬಿ ಪರ ಇದ್ದವರ ಸಿಟ್ಟು ಇಂದಿಗೂ ಇದೇ. ಹೇಳಿದವರು ಸಿಕ್ಕಿದ ಮೇಲೆ ಇನ್ನೆರಡು ವರ್ಷ ಯಾಕೆ ಕೆದಕಿದರು ಎಂದು.

ಮೂರನೇ ಬೆಂಚು

ನ್ಯಾಯವಾದ ಪ್ರಶ್ನೆ ಅಲ್ವಾ ಅದು?

ಕಟಕಟೆ

ಅರ್ಧ ನ್ಯಾಯ. ಒಬ್ಬರು ಹೇಳಿದ್ದಾರೆ ಎಂದಾಕ್ಷಣ ಬೇರೆ ಯಾರೂ ಹೇಳಿಲ್ಲ ಎಂದಾಗುವುದಿಲ್ಲ. ಲಿಬ್ಬಿ 2003ರ ಜೂನ್ 23ರಂದೇ ನ್ಯೂಯಾರ್ಕ್ ಟೈಮ್ಸ್‌ನ ಜುಡಿತ್ ಮಿಲ್ಲರ್ ಬಳಿ ವಿಲ್ಸನ್ ಹೆಂಡತಿಯ ಮಾತು ತೆಗೆದಿದ್ದರು ಎಂದು ಮಿಲ್ಲರ್ ಸಾಕ್ಷ್ಯ ಹೇಳಿದ್ದಾರೆ. ನೊವಾಕ್ ಅಂಕಣಕ್ಕೂ ಮೊದಲು. ಆ ಮಾತು ಅವರ ಬಾಯಿಗೆ ಹೇಗೆ ಬಂತು, ಗೊತ್ತಿದ್ದೇ ಹೇಳಿದರೋ ಗೊತ್ತಿಲ್ಲದೆಯೋ ಎಂದು ತಿಳಿಯಬೇಕಿತ್ತು. 1982ರ ಕಾಯ್ದೆ ಪೂರ್ತಿ ನಿಂತಿರುವುದೇ ಆ ಪ್ರಶ್ನೆಯ ಮೇಲೆ.

ಲಿಬ್ಬಿ ಏನು ಹೇಳಿದರು? ಎನ್‌ಬಿಸಿ ಟಿವಿಯ ಪತ್ರಕರ್ತ ಟಿಮ್ ರಸರ್ಟ್ ಹೇಳಿದಾಗ ತನಗೆ ಇದು ಹೊಸ ಸುದ್ದಿಯಂತೆ ಕೇಳಿಸಿತು ಎಂದರು. ರಸರ್ಟ್ ಅಂಥ ಮಾತೇ ಆಗಿಲ್ಲ ಎಂದರು. ಲಿಬ್ಬಿಗೆ ಜೂನ್‌ನಲ್ಲೇ ಖುದ್ದು ಚೇನಿ ಹೇಳಿದ್ದರು ಎಂಬುದಕ್ಕೆ ಲಿಬ್ಬಿಯದೇ ಕೈಬರಹದ ಟಿಪ್ಪಣಿ ಇತ್ತು. ಎಫ್‌ಬಿಐ ಮುಂದೆ, ಆಮೇಲೆ ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ತಂಡವಾದ ಗ್ರ್ಯಾಂಡ್ ಜ್ಯೂರಿ ಮುಂದೆ ಪ್ರಮಾಣ ಮಾಡಿ ಇದನ್ನೇ ಹೇಳಿದ್ದು ಅವರನ್ನು ಸಿಕ್ಕಿಸಿತು.

2005ರ ಅಕ್ಟೋಬರ್ 28ರಂದು ಆರೋಪಪಟ್ಟಿ ಹೊರಬಂತು. ಐದು ಆರೋಪ: ನ್ಯಾಯಕ್ಕೆ ಅಡ್ಡಿ ಒಂದು, ಸುಳ್ಳು ಹೇಳಿಕೆ ಎರಡು, ಸುಳ್ಳು ಸಾಕ್ಷ್ಯ ಎರಡು. ಸೋರಿಕೆಯ ಆರೋಪ ಒಂದೂ ಇಲ್ಲ. ಅವತ್ತು ಸುದ್ದಿಗೋಷ್ಠಿಯಲ್ಲಿ ಫಿಟ್ಜ್‌ಜೆರಾಲ್ಡ್‌ಗೆ ಇದೇ ಪ್ರಶ್ನೆ ಬಂತು. ಅವರು ಬೇಸ್‌ಬಾಲ್ ಅಂಪೈರ್ ಉದಾಹರಣೆ ಕೊಟ್ಟರು. ಬೌಲರ್ ಬೇಕೆಂದೇ ಬ್ಯಾಟುಗಾರನಿಗೆ ಚೆಂಡು ಹೊಡೆದನೋ, ಕೈಜಾರಿತೋ ಎಂದು ಅಂಪೈರ್ ನೋಡಬೇಕು. ಆಗ ಯಾರೋ ಅವನ ಕಣ್ಣಿಗೆ ಮರಳು ಎರಚಿದರೆ ತೀರ್ಪು ಕೊಡುವುದು ಹೇಗೆ ಎಂದು. ಮರಳು ಎರಚಿದ್ದಕ್ಕೆ ಕೇಸ್.

ನನ್ನ ಪ್ರಕಾರ ಆ ವಾದ ಸರಿ. ಆರೋಪಿಯ ಮನಸ್ಸಿನಲ್ಲಿ ಏನಿತ್ತು ಎಂಬುದರ ಮೇಲೆ ನಿಂತ ಕಾನೂನಿನಲ್ಲಿ, ಅದನ್ನು ಮುಚ್ಚಿಡುವುದು ಸಣ್ಣ ತಪ್ಪಲ್ಲ.

ಅಡ್ಡಪ್ರಶ್ನೆ

ಬೇಹುಗಾರಿಕೆ ಕಾಯ್ದೆ ಅಂತ ಇನ್ನೊಂದು ಇದೆಯಲ್ಲ, 1917ರದ್ದು. ಅದರಡಿ ಹಾಕಬಹುದಿತ್ತಲ್ಲ? ಅದಕ್ಕೆ ಗುಪ್ತ ಏಜೆಂಟ್ ಎಂಬ ಷರತ್ತೇ ಇಲ್ಲ.

ಕಟಕಟೆ

ಷರತ್ತು ಇಲ್ಲ, ನಿಜ. ರಾಷ್ಟ್ರ ರಕ್ಷಣೆಗೆ ಸಂಬಂಧಿಸಿದ ಮಾಹಿತಿ ಆಗಿರಬೇಕು, ಅದರಿಂದ ದೇಶಕ್ಕೆ ಕೇಡಾಗಬಹುದು ಎಂದು ನಂಬಲು ಕಾರಣ ಇರಬೇಕು, ತಿಳಿದೂ ಕೊಟ್ಟಿರಬೇಕು. ಆದರೆ ಆ ಕಾಯ್ದೆ ಎಷ್ಟು ಅಗಲ ಎಂದರೆ, ಪತ್ರಿಕೆಗೆ ಮಾತಾಡಿದ ಯಾವ ಅಧಿಕಾರಿಯನ್ನೂ ಅದರೊಳಗೆ ತುರುಕಬಹುದು. ಅದನ್ನು ಬಳಸುವಾಗ ಬಹಳ ಎಚ್ಚರ ಬೇಕು ಎಂದು ಫಿಟ್ಜ್‌ಜೆರಾಲ್ಡ್ ಅವತ್ತೇ ಹೇಳಿದ್ದರು. ಅಲ್ಲೂ ಕೊನೆಗೆ ‘ತಿಳಿದೂ’ ಎಂಬುದಕ್ಕೇ ಬಂದು ನಿಲ್ಲಬೇಕು.

ಹಳೇ ಪತ್ರಿಕೆ

1982ರ ಕಾಯ್ದೆಯನ್ನು ಇಷ್ಟು ಬಿಗಿಯಾಗಿ ಯಾಕೆ ಬರೆದರು ಎಂಬುದಕ್ಕೆ ಹಿಂದಿನ ಕಥೆ ಗೊತ್ತಿರಬೇಕು.

ಫಿಲಿಪ್ ಏಜಿ ಎಂಬ ಮಾಜಿ ಸಿಐಎ ಅಧಿಕಾರಿ ಇದ್ದರು. ಲ್ಯಾಟಿನ್ ಅಮೆರಿಕದಲ್ಲಿ ಕೆಲಸ ಮಾಡಿ, ಸಂಸ್ಥೆಯ ಮೇಲೆ ಬೇಸತ್ತು ಹೊರಬಂದವರು. 1975ರಲ್ಲಿ ಅವರು ಬರೆದ ಪುಸ್ತಕದಲ್ಲಿ ಸಿಐಎ ಅಧಿಕಾರಿಗಳ, ಅವರಿಗೆ ನೆರವಾದವರ ಹೆಸರುಗಳ ಉದ್ದದ ಪಟ್ಟಿಯೇ ಇತ್ತು. ಆಗ ಹೆಸರು ಬಯಲು ಮಾಡುವುದೇ ಒಂದು ಚಳವಳಿ. ಅದಕ್ಕೆಂದೇ ಪತ್ರಿಕೆಗಳಿದ್ದವು. ಅದೇ ವರ್ಷ ಡಿಸೆಂಬರ್ 23ರಂದು ಗ್ರೀಸ್‌ನ ಅಥೆನ್ಸ್‌ನಲ್ಲಿ, ಅಲ್ಲಿನ ಸಿಐಎ ಕಚೇರಿಯ ಮುಖ್ಯಸ್ಥ ರಿಚರ್ಡ್ ವೆಲ್ಷ್ ಅವರನ್ನು ಮನೆ ಮುಂದೆಯೇ ಗುಂಡಿಕ್ಕಿ ಕೊಂದರು. ಅವರ ಹೆಸರು ಅದಕ್ಕೂ ಮೊದಲು ಕೌಂಟರ್‌ಸ್ಪೈ ಎಂಬ ಪತ್ರಿಕೆಯಲ್ಲಿ ಬಂದಿತ್ತು. ಅಥೆನ್ಸ್‌ನ ಪತ್ರಿಕೆಯಲ್ಲೂ ಬಂದಿತ್ತು. ಆ ಪ್ರಕಟಣೆಯಿಂದಲೇ ಸಾವು ಬಂತೇ ಎಂಬ ಜಗಳ ತೀರಲೇ ಇಲ್ಲ. ಅವರಿದ್ದ ಮನೆ ಸಿಐಎ ಮುಖ್ಯಸ್ಥರು ಮೊದಲಿಂದ ಇರುತ್ತಿದ್ದ ಮನೆಯೇ ಆಗಿತ್ತು. ಆದರೆ ವಾಷಿಂಗ್ಟನ್‌ನಲ್ಲಿ ಅಷ್ಟು ಸೂಕ್ಷ್ಮ ಯಾರಿಗೂ ಬೇಕಿರಲಿಲ್ಲ. ಸಾವು ಕಾನೂನಿಗೆ ದಾರಿ ಮಾಡಿತು.

ಏಜಿಯ ಪಾಸ್‌ಪೋರ್ಟನ್ನೂ ಕಿತ್ತುಕೊಂಡರು. ಅದು ಸರಿ ಎಂದು 1981ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಾರನೇ ವರ್ಷ ರೇಗನ್ ಈ ಕಾಯ್ದೆಗೆ ಸಹಿ ಹಾಕಿದರು.

ಕಾಯ್ದೆ ಬರೆಯುವಾಗ ಪತ್ರಕರ್ತರು ಬೊಬ್ಬೆ ಹೊಡೆದರು. ಸಿಐಎಯ ತಪ್ಪು ಕೆಲಸ ಬರೆದರೂ ಜೈಲು ಎಂದಾಗುತ್ತದೆ ಎಂದು. ಹಾಗಾಗಿ ಹೊರಗಿನವರಿಗೆ, ಅಂದರೆ ಕಟಕಟೆ ಸರ್ ಆಮೇಲೆ ಹೇಳುತ್ತೇನೆ ಎಂದ ಮೂರನೇ ಗುಂಪಿಗೆ, ಬೇಲಿ ಹಾಕಿದರು. ಹೆಸರು ಹುಡುಕಿ ಬಯಲು ಮಾಡುವುದನ್ನೇ ಒಂದರ ಹಿಂದೆ ಒಂದು ನಡೆಸಿಕೊಂಡು ಬಂದಿರಬೇಕು. ಇದರಿಂದ ದೇಶದ ಗುಪ್ತಚರ ಕೆಲಸಕ್ಕೆ ಕೇಡು ಎಂದು ಅವರಿಗೆ ಅರಿವಿರಬೇಕು. ಆಗ ಮಾತ್ರ ಅಪರಾಧ, ಗರಿಷ್ಠ 3 ವರ್ಷ. ನೊವಾಕ್ ಒಂದು ಅಂಕಣ ಬರೆದವರು. ಈ ಬೇಲಿಯೊಳಗೆ ಬರುವುದೇ ಇಲ್ಲ.

ಸುಮ್ನೆ ಓದುಗ

ಅದು ಸರಿ. ಪ್ಲೇಮ್ ನಿಜವಾಗಿ ಗುಪ್ತ ಏಜೆಂಟ್ ಆಗಿದ್ದರಾ? ‘ಮೇಜಿನ ಮುಂದೆ ಕೂತ ಗುಮಾಸ್ತೆ, ಸುಮ್ನೆ ದೊಡ್ಡದು ಮಾಡಿದರು’ ಅಂತ ಆಗ ಓದಿದ ನೆನಪು.

ಕಡತ

ಆ ಮಾತನ್ನು ಆಗ ತುಂಬಾ ಜನ ಹಬ್ಬಿಸಿದರು. ಅವರು ಇದ್ದದ್ದು ಅಣ್ವಸ್ತ್ರದಂಥ ಆಯುಧಗಳು ಹರಡದಂತೆ ತಡೆಯುವ ವಿಭಾಗದಲ್ಲಿ. ಆ ಹೊತ್ತಿಗೆ ಕಚೇರಿ ಸಿಐಎ ಕೇಂದ್ರದಲ್ಲೇ. ಆದರೆ ಲಿಬ್ಬಿ ಕೇಸಿನ ಶಿಕ್ಷೆಯ ಹಂತದಲ್ಲಿ, 2007ರಲ್ಲಿ, ಪ್ರಾಸಿಕ್ಯೂಟರ್ ಕೋರ್ಟಿಗೆ ಕೊಟ್ಟ ಸಿಐಎ ಸಾರಾಂಶ ಬೇರೆಯೇ ಹೇಳುತ್ತದೆ. 2002ರ ಜನವರಿಯಿಂದ ಅವರು ಕನಿಷ್ಠ 7 ಸಲ, 10ಕ್ಕೂ ಹೆಚ್ಚು ದೇಶಗಳಿಗೆ ಕೆಲಸದ ಮೇಲೆ ಹೋಗಿದ್ದರು. ಯಾವಾಗಲೂ ಮರೆ ಇಟ್ಟುಕೊಂಡೇ ಹೋಗಿದ್ದರು. ಅಂಕಣ ಬಂದ ದಿನ ಅವರ ಕೆಲಸ ಗೋಪ್ಯವಾಗಿಯೇ ಇತ್ತು.

ತಕರಾರು ಇದ್ದದ್ದು ಕಾಯ್ದೆಯ ಇನ್ನೊಂದು ಸಾಲಿನ ಬಗ್ಗೆ. ಹಿಂದಿನ 5 ವರ್ಷದೊಳಗೆ ವಿದೇಶದಲ್ಲಿ ಸೇವೆ ಮಾಡಿದವರಿಗೆ ಮಾತ್ರ ರಕ್ಷಣೆ ಎಂದು ಅಲ್ಲಿ ಇತ್ತು. ವಿದೇಶದಲ್ಲಿ ಮನೆ ಮಾಡಿ ಇದ್ದು ಕೆಲಸ ಮಾಡಿದರೆ ಮಾತ್ರ ಅದು ಸೇವೆ, ಹೋಗಿ ಬಂದದ್ದು ಲೆಕ್ಕಕ್ಕಿಲ್ಲ ಎಂದು ವಿಕ್ಟೋರಿಯಾ ಟೋನ್ಸಿಂಗ್ ವಾದಿಸಿದರು. ಅವರು ಸುಮ್ಮನೆ ಮಾತಾಡುವವರಲ್ಲ. ಈ ಕಾಯ್ದೆ ಬರೆಯುವಾಗ ಸೆನೆಟ್ ಸಮಿತಿಯ ವಕೀಲರಾಗಿ ಕೈ ಹಾಕಿದ್ದವರು. ಫಿಟ್ಜ್‌ಜೆರಾಲ್ಡ್ ಇದನ್ನು ಒಪ್ಪಲಿಲ್ಲ. ಕೋರ್ಟಿನಲ್ಲಿ ತೀರ್ಮಾನ ಆಗಲೇ ಇಲ್ಲ, ಯಾಕೆಂದರೆ ಆ ಆರೋಪವನ್ನೇ ಯಾರ ಮೇಲೂ ಹಾಕಿರಲಿಲ್ಲ.

ನಿಂಬೆಗಿಡ

ಎಲ್ಲರೂ ಆರ್ಮಿಟೇಜ್, ಲಿಬ್ಬಿ ಎನ್ನುತ್ತಿದ್ದೀರಿ. ಈ ಕಾಯ್ದೆಯಡಿ ಯಾರಿಗಾದರೂ ಶಿಕ್ಷೆ ಆಗಿದೆಯಾ, ಇಲ್ಲವಾ?

ಕಡತ

ಆಗಿದೆ, ಬೆರಳೆಣಿಕೆ. ಮೊದಲನೆಯದು 1985ರಲ್ಲಿ. ಘಾನಾದಲ್ಲಿ ಸಿಐಎ ಗುಮಾಸ್ತೆಯಾಗಿದ್ದ ಶರಾನ್ ಸ್ಕ್ರಾನೇಜ್ ತನ್ನ ಗೆಳೆಯನಿಗೆ ಅಲ್ಲಿನ ಏಜೆಂಟರ ಹೆಸರು ಹೇಳಿದ್ದರು. ಆ ಗೆಳೆಯ ಘಾನಾದ ಗುಪ್ತಚರ ಸಂಸ್ಥೆಯವನು. 5 ವರ್ಷ ಶಿಕ್ಷೆ ಆಯಿತು, ಆಮೇಲೆ 2 ವರ್ಷಕ್ಕೆ ಇಳಿಯಿತು.

ಆಮೇಲೆ 27 ವರ್ಷ ಏನೂ ಇಲ್ಲ. 2012ರಲ್ಲಿ ಜಾನ್ ಕಿರಿಯಾಕೂ. ಬಂಧಿತರ ಮುಖಕ್ಕೆ ನೀರು ಸುರಿದು ಹಿಂಸಿಸಿದ್ದು ಹೌದು ಎಂದು ಟಿವಿಯಲ್ಲಿ ಹೇಳಿದ್ದ ಮಾಜಿ ಸಿಐಎ ಅಧಿಕಾರಿ. ಅವರು ಒಬ್ಬ ಗುಪ್ತ ಅಧಿಕಾರಿಯ ಹೆಸರನ್ನು ಇಮೇಲ್‌ನಲ್ಲಿ ಪತ್ರಕರ್ತರೊಬ್ಬರಿಗೆ ಹೇಳಿದ್ದರು. ಪತ್ರಕರ್ತರು ಅದನ್ನು ಛಾಪಿಸಲೇ ಇಲ್ಲ. ಆದರೆ ಹೆಸರು ಕೈಯಿಂದ ಕೈಗೆ ಹೋಗಿ ಗ್ವಾಂಟನಾಮೊ ಕೈದಿಗಳ ವಕೀಲರು ಸಲ್ಲಿಸಿದ ಗೋಪ್ಯ ಅರ್ಜಿಯೊಂದರಲ್ಲಿ ಕಾಣಿಸಿಕೊಂಡಿತು. ಸರ್ಕಾರ ಅದೇ ಎಳೆ ಹಿಡಿದು ಹಿಂದಕ್ಕೆ ಹೋಯಿತು. ಕಿರಿಯಾಕೂ ಮೇಲೆ ಬೇಹುಗಾರಿಕೆ ಕಾಯ್ದೆಯ ಆರೋಪಗಳೂ ಇದ್ದವು. ಈ ಒಂದು ಆರೋಪ ಒಪ್ಪಿಕೊಂಡರು, ಉಳಿದವು ಬಿದ್ದವು. 2013ರ ಜನವರಿಯಲ್ಲಿ 30 ತಿಂಗಳು ಶಿಕ್ಷೆ.

ಮೂರನೇ ಬೆಂಚು

ಲಿಬ್ಬಿಗೂ 30 ತಿಂಗಳು ತಾನೇ?

ಕಡತ

ಅಷ್ಟೇ. ಜೊತೆಗೆ 2,50,000 ಡಾಲರ್ ದಂಡ. 2007ರ ಮಾರ್ಚ್‌ನಲ್ಲಿ ಐದರಲ್ಲಿ ನಾಲ್ಕು ಆರೋಪ ಸಾಬೀತು. ಆದರೆ ಜುಲೈ 2ರಂದು ಬುಷ್ ಜೈಲಿನ ಭಾಗ ತೆಗೆದುಹಾಕಿದರು. ಲಿಬ್ಬಿ ಒಂದು ದಿನವೂ ಜೈಲಿನಲ್ಲಿ ಇರಲಿಲ್ಲ. 2018ರ ಏಪ್ರಿಲ್‌ನಲ್ಲಿ ಟ್ರಂಪ್ ಪೂರ್ತಿ ಕ್ಷಮಾದಾನ ಕೊಟ್ಟರು. ಕಿರಿಯಾಕೂ ಜೈಲಿಗೆ ಹೋದರು. ಪ್ರಕಟವೇ ಆಗದ ಹೆಸರಿಗೆ.

ಮೂರನೇ ಬೆಂಚು

ಓದುಗರು ಮೊದಲೇ ಹೇಳಿದ್ರು, ದೊಡ್ಡವರ ಮನೆ ವಿಷಯ ಅಂತ.

ಕಟಕಟೆ

ಶಿಕ್ಷೆ ಮಾಫಿ ವಿಷಯದಲ್ಲಿ ಅದಕ್ಕೆ ಉತ್ತರ ಕೊಡುವುದು ಕಷ್ಟ. ಆದರೆ ಕಿರಿಯಾಕೂ ಮತ್ತು ಆರ್ಮಿಟೇಜ್ ನಡುವೆ ಕಾನೂನಿನಲ್ಲಿ ವ್ಯತ್ಯಾಸ ಇದೆ. ಕಿರಿಯಾಕೂ ಸ್ವತಃ ಆ ಕೆಲಸದಲ್ಲಿ ಇದ್ದವರು. ಹೆಸರಿಸಿದವರ ಕೆಲಸ ಮರೆಯದ್ದು ಎಂಬುದು ಅವರಿಗೆ ತಿಳಿಯದೆ ಇರಲು ಸಾಧ್ಯವೇ ಇಲ್ಲ. ಅದೂ ಅಲ್ಲದೆ ಅವರೇ ಒಪ್ಪಿಕೊಂಡರು.

ಈಗ ಇನ್ನೊಂದು ತುದಿ ನೋಡಿ. 2014ರ ಮೇ ತಿಂಗಳಲ್ಲಿ ಒಬಾಮ ಅಫ್ಘಾನಿಸ್ತಾನದ ಬಗ್ರಾಮ್‌ಗೆ ಹೋದಾಗ, ಅವರನ್ನು ಭೇಟಿಯಾದವರ ಪಟ್ಟಿಯನ್ನು ಶ್ವೇತಭವನದ ಪತ್ರಿಕಾ ಕಚೇರಿ ವರದಿಗಾರರಿಗೆ ಕಳಿಸಿತು. ಅದರಲ್ಲಿ ಕಾಬೂಲ್‌ನ ಸಿಐಎ ಮುಖ್ಯಸ್ಥರ ಹೆಸರು, ಹುದ್ದೆ ಸಮೇತ! ವರದಿಗಾರರೊಬ್ಬರು ಗಮನಿಸಿ ಕೇಳಿದ ಮೇಲೆ ಗಡಿಬಿಡಿಯಲ್ಲಿ ಬೇರೆ ಪಟ್ಟಿ ಕಳಿಸಿದರು. ಹಾನಿ ಲೆಕ್ಕದಲ್ಲಿ ಇದು ಕಿರಿಯಾಕೂ ಮಾಡಿದ್ದಕ್ಕಿಂತ ದೊಡ್ಡದು. ಆದರೆ ಕಣ್ತಪ್ಪು. ಯಾರ ಮೇಲೂ ಕೇಸ್ ಆಗಲಿಲ್ಲ, ಆಗಲೂ ಬರುವುದಿಲ್ಲ.

ಅಡ್ಡಪ್ರಶ್ನೆ

ಕ್ರಿಮಿನಲ್ ಕೇಸ್ ಬಿಡಿ. ಪ್ಲೇಮ್ ಪರಿಹಾರ ಕೇಳಬಹುದಿತ್ತಲ್ಲ? ಕೆಲಸ ಹೋಯಿತು, ಅವರನ್ನು ನಂಬಿದವರು ಯಾವ್ಯಾವ ದೇಶದಲ್ಲಿ ಏನಾದರೋ. ಯಾರೋ ಒಬ್ಬರು ಹೊಣೆ ಹೊರಬೇಕಲ್ಲ.

ಕಟಕಟೆ

ಕೇಳಿದರು. 2006ರ ಜುಲೈನಲ್ಲಿ ವಿಲ್ಸನ್ ದಂಪತಿ ಚೇನಿ, ರೋವ್, ಲಿಬ್ಬಿ ಮೇಲೆ ದಾವೆ ಹೂಡಿದರು. ಆಮೇಲೆ ಆರ್ಮಿಟೇಜ್ ಹೆಸರೂ ಸೇರಿತು. 2007ರ ಜುಲೈನಲ್ಲಿ ನ್ಯಾಯಾಧೀಶ ಜಾನ್ ಬೇಟ್ಸ್ ವಜಾ ಮಾಡಿದರು. 2008ರಲ್ಲಿ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. 2009ರಲ್ಲಿ ಸುಪ್ರೀಂ ಕೋರ್ಟ್ ಕೇಳಲೇ ಇಲ್ಲ.

ಈ ತೀರ್ಪನ್ನು ನಿಧಾನವಾಗಿ ಓದಬೇಕು. ಸಂವಿಧಾನದ ಹಕ್ಕು ಮುರಿದ ಅಧಿಕಾರಿಯ ಮೇಲೆ ನೇರವಾಗಿ ಪರಿಹಾರ ಕೇಳುವ ದಾರಿ ಅಮೆರಿಕದಲ್ಲಿ ಇದೆ. ಅದನ್ನು ಕೋರ್ಟ್‌ಗಳೇ ಹುಟ್ಟಿಸಿದ್ದು, ಈಗ ಹೊಸ ಕಡೆ ಹಬ್ಬಿಸಲು ಅವಕ್ಕೆ ಮನಸ್ಸಿಲ್ಲ. ಸರ್ಕಾರದ ಬಳಿ ಇರುವ ಖಾಸಗಿ ಮಾಹಿತಿಗೆ ಬೇರೆ ಕಾಯ್ದೆ ಇದೆಯಲ್ಲ, ಸಂಸತ್ತು ಅಲ್ಲೇ ವ್ಯವಸ್ಥೆ ಮಾಡಿದೆ ಎಂದಿತು ಕೋರ್ಟ್. ತಮಾಷೆ ಏನೆಂದರೆ, ಆ ಕಾಯ್ದೆ ಅಧ್ಯಕ್ಷ, ಉಪಾಧ್ಯಕ್ಷರ ಕಚೇರಿಗಳಿಗೆ ಅನ್ವಯಿಸುವುದಿಲ್ಲ! ಚೇನಿ, ಲಿಬ್ಬಿ, ರೋವ್ ಮೂವರೂ ಅದರ ಹೊರಗೆ. ಸಂಸತ್ತು ಬೇಕೆಂದೇ ಹೊರಗಿಟ್ಟಿದೆ, ನಾವು ಹಿಂಬಾಗಿಲು ತೆಗೆಯುವುದಿಲ್ಲ ಎಂದು ಕೋರ್ಟ್ ಕೈ ತೊಳೆದುಕೊಂಡಿತು. ಕೇಸ್ ನಡೆದರೆ ಗೂಢಚಾರಿಕೆಯ ರಹಸ್ಯಗಳನ್ನು ಕೆದಕಬೇಕಾಗುತ್ತದೆ ಎಂಬುದೂ ಒಂದು ಕಾರಣ.

ಇನ್ನೊಂದು ವಾದ, ಖಾಸಗಿ ವಿಷಯ ಬಯಲು ಮಾಡಿದ ಸಾಮಾನ್ಯ ತಪ್ಪಿನದು. ಅಲ್ಲಿ ಬೇಟ್ಸ್ ಹೇಳಿದ್ದು, ದಾರಿ ಅಸಹ್ಯವೇ ಇರಬಹುದು, ಆದರೆ ಸರ್ಕಾರದ ಮೇಲಿನ ಟೀಕೆಗೆ ಪತ್ರಕರ್ತರ ಬಳಿ ಉತ್ತರ ಕೊಡುವುದು ಈ ಅಧಿಕಾರಿಗಳ ಕೆಲಸದ ಭಾಗವೇ ಎಂದು. ಕೆಲಸದ ಭಾಗ ಎಂದಾದರೆ ಹೊಣೆ ವ್ಯಕ್ತಿಯದ್ದಲ್ಲ, ಸರ್ಕಾರದ್ದು. ಸರ್ಕಾರದ ಮೇಲೆ ಹೋಗುವ ಮೊದಲು ಇಲಾಖೆಗೆ ಅರ್ಜಿ ಹಾಕಬೇಕಿತ್ತು, ಹಾಕಿರಲಿಲ್ಲ. ಅಲ್ಲಿಗೆ ಅದೂ ಮುಗಿಯಿತು.

ಲಿಬ್ಬಿ ಖುಲಾಸೆ ಆಗಿದ್ದರೂ ನನಗೆ ಇಷ್ಟು ಬೇಸರ ಆಗುತ್ತಿರಲಿಲ್ಲ. ಕ್ರಿಮಿನಲ್ ಕಾನೂನು ಬಿಗಿಯಾಗಿರುವುದು ಸರಿ, ಜೈಲಿನ ಪ್ರಶ್ನೆ ಅದು. ಆದರೆ ಪರಿಹಾರದ ಬಾಗಿಲನ್ನೂ ಮುಚ್ಚುವುದು ಯಾವ ನ್ಯಾಯ? ತಿಳಿಯದೆ ಆದ ಹಾನಿಗೆ ದುಡ್ಡು ಕೊಡಿಸುವುದಕ್ಕೆ ತಾನೇ ಸಿವಿಲ್ ಕೋರ್ಟ್ ಇರುವುದು.

ಹಳೇ ಪತ್ರಿಕೆ

ಇದನ್ನು ಪೂರ್ತಿ ಒಪ್ಪುತ್ತೇನೆ. ಕಚೇರಿಯೊಳಗಿನ ಶಿಸ್ತು ಕ್ರಮವೂ ಆಗಲಿಲ್ಲ ನೋಡಿ. 2007ರ ಮಾರ್ಚ್‌ನಲ್ಲಿ ಸಂಸತ್ತಿನ ಸಮಿತಿ ಮುಂದೆ ಶ್ವೇತಭವನದ ಭದ್ರತಾ ಕಚೇರಿಯ ಮುಖ್ಯಸ್ಥರನ್ನು ಕೇಳಿದರು. ತಮಗೆ ತಿಳಿದಂತೆ ಅಲ್ಲಿ ಒಳಗಿನ ತನಿಖೆ ನಡೆದೇ ಇಲ್ಲ ಎಂದರು. ಗೋಪ್ಯ ಮಾಹಿತಿ ಕಾಪಾಡುತ್ತೇನೆ ಎಂದು ಪ್ರತಿಯೊಬ್ಬರೂ ಸಹಿ ಹಾಕಿರುತ್ತಾರೆ. ಅಸಡ್ಡೆಯಿಂದ ಸೋರಿದರೂ ಗೋಪ್ಯ ಕಡತ ನೋಡುವ ಅಧಿಕಾರ ಕಿತ್ತುಕೊಳ್ಳಬಹುದು. ಅದಕ್ಕೆ ಕೋರ್ಟೂ ಬೇಡ, ಜ್ಯೂರಿಯೂ ಬೇಡ.

ನಿಂಬೆಗಿಡ

ಆ ಪತ್ರಕರ್ತೆ ಜೈಲಿಗೆ ಹೋದದ್ದು ಯಾಕೆ ಎಂದು ಯಾರೂ ಹೇಳಲಿಲ್ಲ.

ಹಳೇ ಪತ್ರಿಕೆ

ಜುಡಿತ್ ಮಿಲ್ಲರ್. ಯಾರು ಹೇಳಿದರು ಎಂದು ಗ್ರ್ಯಾಂಡ್ ಜ್ಯೂರಿ ಮುಂದೆ ಬಾಯಿಬಿಡಲಿಲ್ಲ. ಗ್ರ್ಯಾಂಡ್ ಜ್ಯೂರಿ ಕರೆದರೆ ಪತ್ರಕರ್ತರೂ ಸಾಕ್ಷ್ಯ ಹೇಳಬೇಕು ಎಂದು ಸುಪ್ರೀಂ ಕೋರ್ಟ್ 1972ರಲ್ಲೇ 5–4ರಿಂದ ತೀರ್ಪು ಕೊಟ್ಟಿದೆ. ಹಾಗಾಗಿ ನ್ಯಾಯಾಂಗ ನಿಂದನೆ. 2005ರ ಜುಲೈ 6ರಿಂದ 85 ದಿನ ಒಳಗಿದ್ದರು. ಕೊನೆಗೆ ಲಿಬ್ಬಿಯೇ ಗುಟ್ಟು ಕಾಪಾಡುವ ಮಾತಿನಿಂದ ಬಿಡುಗಡೆ ಮಾಡಿದ ಮೇಲೆ ಸಾಕ್ಷ್ಯ ಹೇಳಲು ಒಪ್ಪಿ ಹೊರಬಂದರು.

ಮೂಲ ಕಾಪಾಡುವುದು ಪತ್ರಕರ್ತರ ಧರ್ಮ, ಸರಿ. ಆದರೆ ಇಲ್ಲಿ ಕಾಪಾಡಿದ್ದು ಅಧಿಕಾರದ ವಿರುದ್ಧ ಮಾತಾಡಿದ ಬಡಪಾಯಿಯನ್ನಲ್ಲ. ಟೀಕೆ ಮಾಡಿದವರ ಮನೆಯವರನ್ನು ಎಳೆದು ತಂದ ಅಧಿಕಾರಸ್ಥರನ್ನು. ನನ್ನ ಗೆಳೆಯರಲ್ಲೇ ಈ ವಿಷಯಕ್ಕೆ ಜಗಳ ಆಗಿದೆ.

ನಿಂಬೆಗಿಡ

ಅಂಕಣದ ನಂತರ ಅವರ ಮರೆಯ ಕಂಪನಿಯ ಹೆಸರೂ ಹೊರಬಂತಂತೆ?

ಕಡತ

ಹೌದು, ಬ್ರೂಸ್ಟರ್ ಜೆನ್ನಿಂಗ್ಸ್. 1999ರಲ್ಲಿ ಪ್ಲೇಮ್ ಚುನಾವಣಾ ದೇಣಿಗೆ ಕೊಟ್ಟಾಗ ತನ್ನ ಉದ್ಯೋಗದಾತ ಎಂದು ಆ ಹೆಸರು ಬರೆದಿದ್ದರು. ದೇಣಿಗೆಯ ದಾಖಲೆ ಯಾರು ಬೇಕಾದರೂ ನೋಡಬಹುದು. ಒಂದು ಹೆಸರು ಸಿಕ್ಕಿದರೆ ಕಂಪನಿ ಸಿಗುತ್ತದೆ. ಕಂಪನಿ ಸಿಕ್ಕಿದರೆ ಅದೇ ಕಂಪನಿಯ ಹೆಸರು ಹೇಳಿಕೊಂಡು ಓಡಾಡಿದ ಬೇರೆಯವರೂ ಸಿಕ್ಕಿಬೀಳುತ್ತಾರೆ. ಯಾವುದೋ ದೇಶದಲ್ಲಿ ಅವರ ಜೊತೆ ಊಟ ಮಾಡಿದವರನ್ನು ಅಲ್ಲಿನ ಪೊಲೀಸರು ವಿಚಾರಿಸಬಹುದು. ಅಂಥವರಿಗೆ ಅಮೆರಿಕದ ಕೋರ್ಟಿಗೆ ಬರುವ ದಾರಿಯೇ ಇಲ್ಲ.

ಅಡ್ಡಪ್ರಶ್ನೆ

ಇಷ್ಟೆಲ್ಲ ಆದ ಮೇಲಾದರೂ ಕಾಯ್ದೆ ಬದಲಾಯಿತಾ?

ಕಡತ

ಆ 5 ವರ್ಷದ, ವಿದೇಶದ ಷರತ್ತನ್ನು 2019ರ ಕೊನೆಗೆ ತೆಗೆದುಹಾಕಿದರು. ಈಗ ದೇಶದೊಳಗೇ ಇದ್ದರೂ, ವಿದೇಶದ ಕೆಲಸ ಬಿಟ್ಟು ಎಷ್ಟು ವರ್ಷ ಆಗಿದ್ದರೂ ಗುರುತು ಗೋಪ್ಯವಾಗಿದ್ದರೆ ರಕ್ಷಣೆ ಇದೆ. ಟೋನ್ಸಿಂಗ್ ಎತ್ತಿದ ತಕರಾರಿಗೆ ಈಗ ಜಾಗ ಇಲ್ಲ. ಪತ್ರಿಕಾ ಸ್ವಾತಂತ್ರ್ಯದ ಸಂಘಟನೆಗಳು ವಿರೋಧಿಸಿದವು. ಎಂದೋ ನಿವೃತ್ತರಾದವರ ಹಳೇ ತಪ್ಪನ್ನು ಬರೆಯುವುದೂ ಕಷ್ಟವಾಗುತ್ತದೆ ಎಂದು.

ಮೂರನೇ ಬೆಂಚು

ಹಾಗಾದರೆ ಆರ್ಮಿಟೇಜ್ ಮಾಡಿದ್ದನ್ನು ಈಗ ಯಾರಾದರೂ ಮಾಡಿದರೆ?

ಕಟಕಟೆ

ಈ ಕಾಯ್ದೆಯಡಿ ಈಗಲೂ ಪಾರು. ಯಾರಿಗೆ ರಕ್ಷಣೆ ಎಂಬುದು ಅಗಲವಾಯಿತು, ‘ಗೊತ್ತಿರಬೇಕು’ ಎಂಬ ಷರತ್ತು ಹಾಗೇ ಇದೆ. ಆ ಟಿಪ್ಪಣಿಯ ಪ್ಯಾರಾದಲ್ಲಿ ‘ಇವರ ಕೆಲಸ ಮರೆಯದ್ದು’ ಎಂದು ಒಂದು ಸಾಲು ಇದ್ದು, ಅದನ್ನು ಓದಿಯೂ ಹೇಳಿದ್ದರೆ ಮಾತು ಬೇರೆ.